ತುಟಿ ಮುಚ್ಚಿದ ಮೇಲೆ

"ಅಕ್ಕಾ, ಮಾತು ತುಟಿಗೆ ಕೂರ್ತಿಲ್ಲ. ಇನ್ನೊಂದ್ಸಲ ನೋಡೋಣ," ಎಂದ ಗಾಜಿನ ಆಚೆ ಕುಳಿತಿದ್ದ ಸೌಂಡ್ ಇಂಜಿನಿಯರ್.

ಡಬ್ಬಿಂಗ್ ಕಲಾವಿದೆ ಹೆಡ್‌ಫೋನ್ ಸರಿಮಾಡಿಕೊಂಡಳು. ಸ್ಟುಡಿಯೋದಲ್ಲಿ ಅವಳಿಗೆ ಕಣ್ಣೀರಕ್ಕ ಎಂದೇ ಹೆಸರು. ಪರದೆಯ ಮೇಲೆ ಯಾವ ತಾಯಿ ಅತ್ತರೂ ಗಂಟಲು ಇವಳದೇ. ಎದೆ ಒಡೆಯುವಂತೆ ಅತ್ತು, ಮರುಕ್ಷಣವೇ "ಕಾಫಿ ಎಲ್ರಪ್ಪಾ?" ಎನ್ನುವ ಗಟ್ಟಿಗಿತ್ತಿ. ಇವತ್ತು ಮಾತ್ರ ಒಂದೇ ಸಾಲಿಗೆ ಬಂದು ಮುಗ್ಗರಿಸುತ್ತಿದ್ದಳು.

ಇವತ್ತಿನದು ಕಟ್ಟಿದ ಕಥೆಯ ಸಿನಿಮಾ ಅಲ್ಲ. ಮನಸ್ಸಿನ ಕಾಯಿಲೆಯನ್ನು ಮುಚ್ಚಿಡಬೇಡಿ ಎಂದು ಹೇಳಲು ಬೇರೆ ಬೇರೆ ದೇಶದ ತಾಯಂದಿರು ತಮ್ಮ ತಮ್ಮ ಭಾಷೆಯಲ್ಲಿ ಕ್ಯಾಮೆರಾದ ಮುಂದೆ ಮನೆಯ ಸಂಕಟ ತೋಡಿಕೊಂಡ ಚಿತ್ರ. ಈಗ ಪರದೆಯಲ್ಲಿದ್ದವಳು ಎಲ್ಲಿಯವಳೋ ಏನೋ, ಮಡಿಲಲ್ಲಿ ಮಗಳ ಸ್ವೆಟರ್ ಇಟ್ಟುಕೊಂಡು ಕುಳಿತಿದ್ದಳು.

"ಬಾಗ್ಲು ಹಾಕ್ಕೊಂಡು ಮಲಗಿರ್ತಿದ್ಲು. ತಲೆ ಬಾಚ್ತಿರ್ಲಿಲ್ಲ, ತಟ್ಟೆ ಮುಟ್ತಿರ್ಲಿಲ್ಲ. ಯಾರಾದ್ರೂ ಕೇಳಿದ್ರೆ, ಜ್ವರ ಅಂತ..." ಕಣ್ಣೀರಕ್ಕ ಮತ್ತೆ ಅಲ್ಲೇ ನಿಂತಳು.

ಇಂಜಿನಿಯರ್‌ಗೆ ಅಯ್ಯೋ ಅನ್ನಿಸಿತು. "ನೀರು ಕುಡೀರಿ ಅಕ್ಕಾ. ಮಗಳು ಹುಷಾರಿಲ್ದೆ ಮಲಗಿರುವಾಗ ನಿಮಗೆ ಇಲ್ಲಿ ಮನಸ್ಸು ನಿಲ್ಲೋದಾದ್ರೂ ಹೇಗೆ? ಇನ್ನೂ ಇಳಿದಿಲ್ವಾ ಜ್ವರ?"

ಹೋದ ತಿಂಗಳಿಂದಲೂ ಬೇಗ ಮನೆಗೆ ಹೊರಡಲು ಅವಳು ಕೊಡುತ್ತಿದ್ದ ಕಾರಣ ಅದೊಂದೇ. ಅವಳು ನೀರು ಮುಟ್ಟಲಿಲ್ಲ. "ಹಾಕಪ್ಪಾ," ಎಂದಳಷ್ಟೇ.

ಪರದೆಯ ತಾಯಿ ಬಾಯಿ ತೆರೆದಳು. ಈ ಸಲ ಮಾತು ತುಟಿಗೆ ಸರಿಯಾಗಿ ಕೂತಿತು. "ಯಾರಾದ್ರೂ ಕೇಳಿದ್ರೆ, ಜ್ವರ ಅಂತ ಹೇಳ್ತಿದ್ದೆ. ಹುಚ್ಚು ಅಂದ್ಬಿಟ್ಟಾರು ಅಂತ ಭಯ. ಡಾಕ್ಟರ ಹತ್ರಾನೂ ಕರ್ಕೊಂಡು ಹೋಗ್ಲಿಲ್ಲ. ಈಗ ಅವಳೇ ಇಲ್ಲ. ಯಾರೂ ಏನೂ ಕೇಳಲ್ಲ."

ಇಂಜಿನಿಯರ್ ಖುಷಿಯಿಂದ ಹೆಬ್ಬೆರಳೆತ್ತಿದ. ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದವನ ಕಿವಿಯಲ್ಲಿ ದನಿ ಇನ್ನೂ ಬರುತ್ತಲೇ ಇತ್ತು.

"ನಮ್ಮ ಹುಡುಗಿಗೂ ಜ್ವರ ಇಲ್ಲ ಕಣಪ್ಪಾ. ಬೆಳಿಗ್ಗೆ ಬಾಗ್ಲು ತಟ್ಟಿ ತಟ್ಟಿ ಸಾಕಾಗಿ ಬಂದ್ಬಿಟ್ಟೆ. 'ಹೋಗಮ್ಮಾ' ಅಂದ್ಲು, ಅಷ್ಟೇ. ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ನನಗೊಬ್ಬಳಿಗೇ ಆಗಲ್ಲ, ನೀನೂ ಬರ್ತೀಯಾ?"

ಪರದೆಯ ಮೇಲೆ ಆ ತಾಯಿ ಸ್ವೆಟರ್ ಮಡಿಸಿಟ್ಟು, ತುಟಿ ಮುಚ್ಚಿ, ಇವಳನ್ನೇ ನೋಡುತ್ತಾ ಕುಳಿತಿದ್ದಳು.