ಗುಳ್ಳದ ಹೂವಿಗೆ ಬಂದ ನೆಂಟ

ಜೇನ್ನೊಣಗಳು ಇಲ್ಲವಾಗಿ ಹನ್ನೆರಡು ವರ್ಷ. ಗುಳ್ಳ ಬದನೆಯ ಹೂವಿನಿಂದ ಪರಾಗ ಉದುರಿಸಲು ಜಲಜಕ್ಕ ದಿನಾ ಬೆಳಿಗ್ಗೆ ಹೂವಿಗೆ ಬಿದಿರಿನ ಕೊಳವೆ ಹಚ್ಚಿ, ಥೇಟ್ ಜೇನಿನಂತೆ ಗುಂಯ್‌ಗುಡುತ್ತಿದ್ದಳು.

ಅಂದು ಅವಳ ಗುಂಯ್‌ಗೆ ಇನ್ನೊಂದು ಗುಂಯ್ ಉತ್ತರ ಕೊಟ್ಟಿತು.

"ವಾರಿಜಾ, ನೀನಾ?"

"ನಾನಲ್ಲ ಅತ್ತಿಗೆ, ನನ್ನ ಬಾಯಿ ತುಂಬ ಎಲೆಯಡಿಕೆ ಉಂಟು," ಎಂದಳು ಪಕ್ಕದ ಸಾಲಿನಲ್ಲಿದ್ದ ನಾದಿನಿ.

ನೋಡಿದರೆ ನಿಜವಾದ ಜೇನ್ನೊಣ! ವಾರಿಜ ಕೈಮುಗಿದಳು.

"ಕೈಮುಗಿಯುವುದು ಆಮೇಲೆ ಮಾರಾಯ್ತಿ! ನಿನ್ನೆ ಸಂಜೆಯಷ್ಟೇ ಮದ್ದು ಬಿಟ್ಟದ್ದಲ್ವಾ? ಹೂವಿನಲ್ಲಿ ಕೂತರೆ ಸತ್ತೇ ಹೋಗ್ತದೆ!"

ಹುಳವೇ ಬಾರದ ಹೂವೆಂದು, ಹೂಬಿಟ್ಟ ಗಿಡಕ್ಕೂ ವಿಷ ಹೊಡೆಯುವುದು ಊರಿಗೆ ರೂಢಿಯಾಗಿತ್ತು.

ಜಲಜಕ್ಕ ಕೊಳವೆ ಬಿಸುಟು, ಕಣಜದ ಒರಟು ಸದ್ದನ್ನು ಗಂಟಲಿನಿಂದ ಹೊರಡಿಸಿದಳು. ಕಣಜವೆಂದರೆ ಜೇನಿಗೆ ಯಮ. ನೊಣ ಬೆಚ್ಚಿ ಮೇಲೆದ್ದಿತು, ಮತ್ತೆ ಇಳಿಯಿತು. ಗಂಟಲು ಹರಿಯುವಂತೆ ಮೊರೆಯುತ್ತಾ ಅವಳು ಅದನ್ನು ಗದ್ದೆಯಂಚಿನವರೆಗೂ ಅಟ್ಟಿದಳು. ಅದು ಹೊಳೆ ದಾಟಿ, ಆಚೆ ದಡದ ಹೂಗಳತ್ತ ಹಾರಿತು.

"ಬದುಕಿಕೊಂಡಿತು!" ಎಂದಳು ವಾರಿಜ.

ಆಚೆ ದಡದಲ್ಲಿ ಒಬ್ಬಾತ ಮದ್ದಿನ ಕ್ಯಾನನ್ನು ಬೆನ್ನಿಗೇರಿಸಿಕೊಳ್ಳುತ್ತಿದ್ದ. ಜಲಜಕ್ಕ ಕೂಗಲು ಬಾಯಿ ತೆರೆದಳು. ಗಂಟಲಿನಿಂದ ಬರೀ ಗಾಳಿ ಬಂತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹೊಳೆಗಿಳಿದಳು.