ತಾರಸಿಯ ಆನೆ

ಮಕ್ಕಳ ಪ್ರವಾಸಕ್ಕೆ ಜಾಗ ಗೊತ್ತುಮಾಡುವುದು ಅಂಗನವಾಡಿಯ ವಾರಿಜ ಟೀಚರಿಗೆ ಎಂದೂ ಕಷ್ಟವಾಗಿರಲಿಲ್ಲ. ಪ್ರತಿ ಮಳೆಗಾಲ ಕಡಲು ಒಂದು ಊರನ್ನು ನುಂಗುತ್ತಿತ್ತು. ಅಷ್ಟರೊಳಗೆ ಅಂಗನವಾಡಿ ಗುಡ್ಡದಲ್ಲಿ ಇನ್ನಷ್ಟು ಮೇಲೆ ಹೋಗಿರುತ್ತಿತ್ತು. ಬಿಟ್ಟುಹೋಗುವ ಮುಂಚೆ ಮಕ್ಕಳು ಕಟ್ಟಡದ ತಾರಸಿ ತುಂಬ ಚಿತ್ರ ಬರೆಯಬೇಕು. ಮರುವರ್ಷದ ಮಕ್ಕಳು ದೋಣಿಯಲ್ಲಿ ಬಂದು, ನೀರಿನಡಿಯ ಆ ಚಿತ್ರಗಳ ಹೆಸರು ಹೇಳಬೇಕು. ಈ ಪದ್ಧತಿ ಹಾಕಿದ್ದು ಟೀಚರೇ.

ಈ ಸಲವೂ ಶೀನಣ್ಣನ ದೋಣಿ ಹಳೆಯ ಅಂಗನವಾಡಿಯ ಮೇಲೆ ನಿಂತಿತು. ಹನ್ನೊಂದು ಮಕ್ಕಳು ಬಗ್ಗಿ ನೋಡಿದರು.

"ಕೆಳಗೆ ಎಂತ ಕಾಣ್ತದೆ, ಹೇಳಿ ನೋಡುವ."

"ನವಿಲು, ಟೀಚರ್. ಅದರ ಬಾಲದ ಮೇಲೆ ಒಂದು ಏಡಿ ಕೂತಿದೆ."

ಶೀನಣ್ಣ ದನಿ ತಗ್ಗಿಸಿದ. "ಬರುವ ವರ್ಷ ಎಲ್ಲಿಗೆ ಟೀಚರೇ?"

ಟೀಚರ್ ಗುಡ್ಡದ ಕಡೆ ನೋಡಿದರು. ಈಗಿನ ಅಂಗನವಾಡಿ ನೆತ್ತಿಯಲ್ಲೇ ಇತ್ತು, ನೀರಿನ ಟಾಂಕಿಯ ಪಕ್ಕ. ಅದರ ಮೇಲೆ ಬರೀ ಆಕಾಶ.

"ದೋಣಿ ತಿರುಗಿಸಿ ಶೀನಣ್ಣ. ಮಕ್ಕಳಿಗೆ ಹಸಿವಾಗ್ತದೆ."

ಊಟವಾದ ಮೇಲೆ ಮಕ್ಕಳನ್ನು ಬಣ್ಣದ ಡಬ್ಬಿಗಳ ಸಮೇತ ತಾರಸಿಗೆ ಹತ್ತಿಸಿದರು. ಮಳೆ ಹಿಡಿಯಲು ಹದಿನೈದು ದಿನವೂ ಉಳಿದಿರಲಿಲ್ಲ. ನಾಲ್ಕು ವರ್ಷದ ಸಾನ್ವಿ ಅಂಗೈಯಷ್ಟಗಲದ ಆನೆ ಬರೆದು ತಲೆ ಎತ್ತಿದಳು.

"ಇದನ್ನು ನೋಡ್ಲಿಕ್ಕೆ ಯಾರು ಬರ್ತಾರೆ ಟೀಚರ್?"

ಮಕ್ಕಳ ಹತ್ತಿರ ಸುಳ್ಳು ಹೇಳಿ ವಾರಿಜ ಟೀಚರಿಗೆ ಅಭ್ಯಾಸವಿರಲಿಲ್ಲ. ಅವರು ದೊಡ್ಡ ಬ್ರಷ್ಷನ್ನು ಅದ್ದಿ ಅವಳ ಕೈಗೆ ಕೊಟ್ಟರು.

"ಇನ್ನೂ ದೊಡ್ಡದು ಬರಿ ಮಗಾ. ತುಂಬ ಮೇಲಿಂದ ನೋಡಿದ್ರೂ ಕಾಣಬೇಕು."

ಸಾನ್ವಿ ಹಿಂದಕ್ಕೆ ಸರಿಯುತ್ತ ಬರೆದಳು. ಬೆನ್ನಾಯಿತು, ಹೊಟ್ಟೆಯಾಯಿತು. ಕಾಲು ಬರೆಯುವಷ್ಟರಲ್ಲಿ ತಾರಸಿ ಮುಗಿದುಹೋಯಿತು.