ಭೀಮಾ ದಂಡೆಯ ತಾಲೀಮು

ಸುಂದರಬಾಯಿ ಗಾಳದ ಮೊನೆಯನ್ನು ತನ್ನ ಕೆಳತುಟಿಗೆ ಮೆಲ್ಲಗೆ ಒತ್ತಿ ನೋಡಿದಳು. ಪಡಸಾಲೆಯ ತುಂಬ ಪಾರ್ಸೆಲ್ಲಿನ ಸಾಮಾನು ಹರವಿಕೊಂಡು ಕುಳಿತಿದ್ದ ಗಂಡ ಚಂದ್ರಾಮಪ್ಪನ ಕೈ ರೀಲಿನ ಮೇಲೆಯೇ ನಿಂತಿತು. ಮಡಚುವ ಕೋಲು, ನೈಲಾನ್ ದಾರ, ಕೆಂಪು ಬೆಂಡು, ಅಗಲ ಅಂಚಿನ ಟೊಪ್ಪಿಗೆ ಎಲ್ಲವನ್ನೂ ಅವಳು ನಗುತ್ತಲೇ ಮುಟ್ಟಿ ನೋಡಿದ್ದಳು. ಟೊಪ್ಪಿಗೆಯನ್ನಂತೂ ತನ್ನ ತಲೆಗೇ ಇಟ್ಟುಕೊಂಡಿದ್ದಳು. ಗಾಳದ ಡಬ್ಬಿ ತೆರೆದ ಮೇಲೆ ನಗು ನಿಂತಿತು.

“ಹಿಡದ ಮ್ಯಾಲ ಅದನ್ನ ಏನ್ ಮಾಡ್ತೀರಿ?”

“ಹೊಳ್ಳಿ ನೀರಿಗೆ ಬಿಡ್ತೇವಿ. ಕೊಲ್ಲಂಗಿಲ್ಲ, ತಿನ್ನಂಗಿಲ್ಲ. ಆ ಥಾಯ್ಲೆಂಡ್ ಕೆರ್ಯಾಗ ಕಾಯ್ದೆನೇ ಹಂಗದ.”

“ತಿನ್ನೋರು ಹಿಡದ್ರ ಅದು ಅವರ ಹೊಟ್ಟಿ ಮಾತು. ನೀವು ಊಟಕ್ಕ ಕರದು, ತುಟಿಗಿ ಚುಚ್ಚಿ, ಹೊಳ್ಳಿ ಕಳಸಾಕ ಅಲ್ಲೀಮಟಾ ಹೊಂಟೀರಿ. ಇದು ಯಾರ ಮನಿ ರೀತಿರಿ?”

ಉಳಿದೆಲ್ಲ ಪ್ರಶ್ನೆಗಳಿಗೂ ಚಂದ್ರಾಮಪ್ಪ ಉತ್ತರ ಸಿದ್ಧಪಡಿಸಿಕೊಂಡಿದ್ದ. ಕರಜಗಿಯ ಕಬ್ಬಿನ ಹೊಲಕ್ಕೆ ನೀರೆತ್ತುವ ಮೋಟರು ನೋಡಲು ಹೊಳೆಗೆ ಇಳಿದಾಗಲೆಲ್ಲ, ದಂಡೆಯಲ್ಲಿ ಗಾಳ ಹಾಕಿ ಕುಳಿತವರನ್ನು ಕಂಡು ಹುಡುಗುತನದಿಂದಲೂ ಅವನ ಕೈ ತುರಿಸುತ್ತಿತ್ತು. ಆದರೆ ಲಿಂಗ ಕಟ್ಟಿದ ಮನೆತನ. ಒಲೆಯ ಹತ್ತಿರ ಮೀನಿನ ಹೆಸರನ್ನೂ ಎತ್ತುವಂತಿರಲಿಲ್ಲ. ಹಿಡಿದದ್ದನ್ನು ಹಿಡಿದಲ್ಲೇ ಬಿಡಬೇಕೆಂಬ ನಿಯಮದ ಥಾಯ್ಲೆಂಡ್ ಪ್ರವಾಸವೊಂದಿದೆ, ಕೆರೆಯ ದಂಡೆಯಲ್ಲೇ ಮೂರು ದಿನದ ವಾಸ್ತವ್ಯ ಎಂದು ತಿಳಿದಾಗ, ಅರವತ್ತು ದಾಟಿದ ಅವನಿಗೆ ದೇವರೇ ತನಗಾಗಿ ತಿದ್ದಿಕೊಟ್ಟ ನಿಯಮವೆನ್ನಿಸಿತ್ತು. ಥಾಯ್ಲೆಂಡಿಗೆ ಬರೀ ಮೀನು ಹಿಡಿಯಲು ಹೋಗುವ ಗಂಡಸು ಇವನೊಬ್ಬನೇ ಇರಬೇಕೆಂದು ನೆರೆಮನೆಯವನು ಕಟ್ಟೆಯ ಮೇಲೆ ಕುಳಿತು ಹತ್ತು ಮಂದಿಯನ್ನು ನಗಿಸಿದ್ದ. ಅದನ್ನೂ ನುಂಗಿಕೊಂಡಿದ್ದಾಯಿತು. ಆದರೆ ಪಾಸ್‌ಪೋರ್ಟು ಅಲಮಾರಿಯಲ್ಲಿ ಇಳಕಲ್ ಸೀರೆಗಳ ಕೆಳಗಿತ್ತು. ಅಲಮಾರಿಯ ಕೀಲಿಕೈ ಸುಂದರಬಾಯಿಯ ಸೆರಗಿನ ಗಂಟಿನಲ್ಲಿತ್ತು.

ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ರವಿವಾರ ಹೊಳೆಯಲ್ಲಿ ಪ್ರವಾಸಿಗರಿಗೆ ಮೀನು ಹಿಡಿಯುವ ತಾಲೀಮು ಇದೆಯಲ್ಲ, ಅದನ್ನು ನೋಡಿದ ಮೇಲೆ ಹೇಳುತ್ತೇನೆಂದಳು.

ಪ್ರವಾಸದ ತಂಡವನ್ನು ಕರೆದೊಯ್ಯಲಿದ್ದವನು ಆಳಂದದ ಅರ್ಫಾತ. ವಯಸ್ಸು ಚಿಕ್ಕದು, ಶಿಸ್ತು ದೊಡ್ಡದು. ಭೀಮಾ ದಂಡೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಪ್ರತಿಯೊಬ್ಬರೂ ಒಂದಾದರೂ ಮೀನು ಹಿಡಿಯಬೇಕು, ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಬೇಕು, ಅದರ ಉಸಿರು ಕಟ್ಟುವ ಮೊದಲೇ ನೀರಿಗೆ ಇಳಿಸಬೇಕು ಎಂದು ವಿಧಿಸಿದ. ಇದು ಬಾರದವರ ಕೈಗೆ ಅಲ್ಲಿ ಕೋಲು ಕೊಡುವುದಿಲ್ಲ, ಅವರು ದಂಡೆಯಲ್ಲಿ ಕುಳಿತು ಉಳಿದವರ ಫೋಟೋ ತೆಗೆಯಬಹುದು ಎಂದೂ ಸೇರಿಸಿದ. ಎರೆಹುಳುವಿನ ಡಬ್ಬಿ ಚಂದ್ರಾಮಪ್ಪನ ಹತ್ತಿರ ಬರುತ್ತಲೇ ಬೇವಿನ ನೆರಳಿನಿಂದ ಸುಂದರಬಾಯಿ ಎದ್ದು ಬಂದು, ಡಬ್ಬಿಯನ್ನು ಆಚೆ ಸರಿಸಿ, ಬೆಲ್ಲ ಹಾಕಿ ನಾದಿದ ಜೋಳದ ಹಿಟ್ಟಿನ ಬುತ್ತಿಯನ್ನು ಗಂಡನ ಮುಂದಿಟ್ಟು ಹೋದಳು.

ಬೆಂಡು ಮುಳುಗಿತು. ಚಂದ್ರಾಮಪ್ಪ ಎತ್ತಿದ. ಅಂಗೈಯಗಲದ ಮೀನೊಂದು ಬಿಸಿಲಿಗೆ ಹೊಳೆದು ಒದ್ದಾಡಿತು. ಹೇಳಿಕೊಟ್ಟ ಹಾಗೆಯೇ ಕೈ ಒದ್ದೆ ಮಾಡಿ, ಗಾಳ ಬಿಡಿಸಿ, ನೀರಿಗೆ ಇಳಿಸಿದ.

“ಶಾಬಾಸ್ ಕಾಕಾ. ನಿಮಗ ಕೋಲು ಪಕ್ಕಾ ಆತು,” ಎಂದು ಅರ್ಫಾತ ಮುಂದಿನವರ ಕಡೆ ನಡೆದ.

ಹುಡುಗನಂತೆ ಹಿಗ್ಗಿ ಚಂದ್ರಾಮಪ್ಪ ಬೇವಿನ ಮರದತ್ತ ತಿರುಗಿದ. ಸುಂದರಬಾಯಿಯ ಬೆರಳು ಅವಳಿಗೆ ಅರಿವಿಲ್ಲದೆಯೇ ಕೆಳತುಟಿಯನ್ನು ಸವರುತ್ತಿತ್ತು.

ಅದನ್ನು ಕಂಡ ಚಂದ್ರಾಮಪ್ಪ ಕತ್ತರಿ ತೆಗೆದು ದಾರದಿಂದ ಗಾಳವನ್ನು ಕತ್ತರಿಸಿ ಡಬ್ಬಿಗೆ ಹಾಕಿ ಮುಚ್ಚಿದ. ಬರೀ ದಾರದ ತುದಿಗೆ ಹಿಟ್ಟಿನ ಉಂಡೆ ಅಂಟಿಸಿ ಬೀಸಿದ. ಬೆಂಡು ಮತ್ತೆ ಮುಳುಗಿತು. ನೀರೊಳಗಿನ ಆ ಜಗ್ಗಾಟ ದಾರ ಹಿಡಿದು, ಕೋಲು ಹಿಡಿದು, ಮೊಣಕೈ ಏರಿ ಎದೆಯವರೆಗೆ ಬಂತು. ಮರುಕ್ಷಣ ದಾರ ಹಗುರಾಯಿತು. ಇಷ್ಟು ವರ್ಷ ತಾನು ಆಸೆಪಟ್ಟದ್ದು ಇದೇ ಜಗ್ಗಾಟಕ್ಕೆಂದೂ, ಅದಕ್ಕೂ ಗಾಳಕ್ಕೂ ಸಂಬಂಧವೇ ಇಲ್ಲವೆಂದೂ ತಿಳಿದು ಚಂದ್ರಾಮಪ್ಪನಿಗೆ ನಗು ಬಂತು. ಇನ್ನೊಂದು ಉಂಡೆ. ಮತ್ತೆ ಜಗ್ಗಾಟ, ಮತ್ತೆ ನಗು. ಮೂರನೆಯ ಉಂಡೆಗೆ ಕೈ ಚಾಚಿದರೆ, ಸುಂದರಬಾಯಿ ಪಕ್ಕದಲ್ಲೇ ಕುಳಿತು ಉಂಡೆ ಕಟ್ಟುತ್ತಿದ್ದಳು.

ಬಿಸಿಲು ನೆತ್ತಿಗೆ ಬಂದಾಗ ಅರ್ಫಾತ ಎಲ್ಲರ ಬೇಟೆ ವಿಚಾರಿಸುತ್ತ ಅಲ್ಲಿಗೆ ಬಂದ.

“ನಿಮಗ ಎಷ್ಟ ಸಿಕ್ಕವ್ರಿ ಕಾಕಾ?”

“ಆ ಒಂದ ಬಿಟ್ರ ಒಂದೂ ಸಿಕ್ಕಿಲ್ಲಪ್ಪ. ಭಾಳ ಮಂದಿ ಉಂಡು ಹೋದ್ವು.”

ಅರ್ಫಾತ ದಾರ ಎಳೆದು ಬರಿದಾದ ತುದಿಯನ್ನು ನೋಡಿದ. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ನೋಡಿದ. ಇಂಥ ಪ್ರವಾಸಿಗರ ಬಗ್ಗೆ ಅವನಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಕೊನೆಗೆ, “ಅಲ್ಲೀ ಮೀನ ಇಂಥಾವಲ್ರಿ ಕಾಕಾ,” ಎಂದು ಎಚ್ಚರಿಸಿದ. “ಒಂದೊಂದು ಆಳಿನಷ್ಟ ಇರ್ತಾವ.”

ಸುಂದರಬಾಯಿಯ ಎರಡೂ ಕೈ ಹಿಟ್ಟಾಗಿದ್ದವು. ಸೆರಗಿನ ಗಂಟನ್ನು ಬಿಚ್ಚಿಕೊಳ್ಳಿರೆಂದು ಗಂಡನಿಗೆ ಗದ್ದದಿಂದಲೇ ಸನ್ನೆ ಮಾಡಿದಳು. ಕೀಲಿಕೈ ಅವನ ಅಂಗೈಗೆ ಬಿದ್ದ ಮೇಲೆ, ಮನೆಯಲ್ಲಿ ಕಾರ್ಯವಿದ್ದಾಗ ಹಿಟ್ಟು ಅಳೆಯುವ ಮೊದಲು ಕೇಳುವ ದನಿಯಲ್ಲೇ ಅರ್ಫಾತನನ್ನು ಕೇಳಿದಳು:

“ಅಲ್ಲೀವು ಅಂದಾಜು ಎಷ್ಟ ಮಂದಿ ಆಗ್ತಾವ, ಹೇಳಿಬಿಡು ತಮ್ಮಾ.”